ಮೊದಲು ಏನು ಹಚ್ಚಿದ್ದೀರಿ?

ಜನವರಿ 9

ಈ ಪುಸ್ತಕ ಶುರುವಾದದ್ದು ಡಾಕ್ಟರ ಮಾತಿನಿಂದ. "ಮೂರು ತಿಂಗಳು ದಿನಾ ಬರೆದಿಡಿ. ಏನು ತಿಂದ್ರಿ, ಎಷ್ಟು ನಿದ್ದೆ ಮಾಡಿದ್ರಿ, ಎಷ್ಟು ಹೊತ್ತು ಬಿಸಿಯಲ್ಲಿ ನಿಂತ್ರಿ, ಎಲ್ಲಾ," ಅಂದರು. ಅವರಿಗೆ ತೋರಿಸುವುದಕ್ಕೆ ಅಂಗೈಯಗಲದ ಒಂದು ಪುಸ್ತಕ ತಂದಿದ್ದೇನೆ. ಊಟ, ನಿದ್ದೆ ಅದರಲ್ಲಿ. ಇದು ದೊಡ್ಡದು. ಇದನ್ನು ಯಾರಿಗೂ ತೋರಿಸುವುದಿಲ್ಲ.

ಇವತ್ತು ಕೈಗೆ ಬಂದ ರಿಪೋರ್ಟಿನಲ್ಲಿ ಮುಖ್ಯವಾದದ್ದು ಒಂದೇ ಅಂಕಿ, 6. ಒಂದು ಮಿಲಿಲೀಟರಿಗೆ ಆರು ಮಿಲಿಯನ್ ವೀರ್ಯಾಣು. ಅಷ್ಟು ಜನ ಸೇರಿದರೆ ಒಂದು ಮಹಾನಗರವೇ ಆಗುತ್ತದಲ್ಲ ಅಂತ ನಕ್ಕುಬಿಟ್ಟೆ. ಡಾಕ್ಟರು ನಗಲಿಲ್ಲ.

"ಹದಿನೈದರ ಮೇಲಿರಬೇಕು. ನಿಮ್ಮದು ಇಲ್ಲ ಅಂತಲ್ಲ, ಕಡಿಮೆ ಅಂತ."

ಆಮೇಲೆ ಪ್ರಶ್ನೆಗಳ ಸುರಿಮಳೆ. ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತಾ, ಆ ಜಾಗಕ್ಕೆ ಪೆಟ್ಟು ಬಿದ್ದಿತ್ತಾ, ಹೋದ ವರ್ಷ ಜೋರು ಜ್ವರ ಬಂದಿತ್ತಾ, ಸಿಗರೇಟಾ, ಕುಡಿತವಾ, ಕೆಲಸ ಏನು. ಲಾಂಡ್ರಿ ಅಂದೆ. ಹದಿಮೂರು ವರ್ಷದಿಂದ ನನ್ನ ಮೇಜು ಬಾಯ್ಲರಿನ ಪಕ್ಕದಲ್ಲೇ ಇದೆ ಅಂತಲೂ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ದೇಹ ಆ ಅಂಗವನ್ನ ಹೊರಗೆ ನೇತುಹಾಕಿರೋದೇ ತಣ್ಣಗಿರಲಿ ಅಂತ. ನೀವು ಅದನ್ನ ಹದಿಮೂರು ವರ್ಷ ಬೇಯಿಸಿದ್ದೀರಿ."

ಸ್ಕ್ಯಾನಿನಲ್ಲಿ ಎಡಗಡೆಯ ರಕ್ತನಾಳ ಸ್ವಲ್ಪ ಉಬ್ಬಿರುವುದು ಕೂಡ ಕಂಡಿದೆಯಂತೆ. ಅದು ಎಷ್ಟೋ ಗಂಡಸರಿಗೆ ಇರುತ್ತದೆ, ಗೊತ್ತೇ ಇರುವುದಿಲ್ಲವಂತೆ. ಒಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ ಅಂದರು. ವೀರ್ಯಾಣು ತಯಾರಾಗುವುದಕ್ಕೆ ಎರಡೂವರೆ ತಿಂಗಳು ಬೇಕು. ಆದ್ದರಿಂದ ಬಿಸಿಯಿಂದ ದೂರ ಇದ್ದು, ಸಿಗರೇಟು ಬಿಟ್ಟು, ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ. "ಮುಂದಿನ ಸಲ ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ. ಮತ್ತೆ, ನನ್ನ ಕೇಳದೆ ಏನೂ ತಗೋಬೇಡಿ."

ಮನೆಗೆ ಬಂದಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತದೆ, "ಏನಂದ್ರು?" ಅಂದಳು.

"ಎಲ್ಲಾ ಸರಿಯಾಗಿದೆಯಂತೆ," ಅಂದೆ.

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದಾಗಿತ್ತು. ಅವಳ ಕೈಯಲ್ಲಿದ್ದ ಚಾಕು ಒಂದು ಕ್ಷಣ ನಿಂತು ಮತ್ತೆ ಓಡಿತು. ಆರು ವರ್ಷದ ಮದುವೆಯಲ್ಲಿ ಅವಳಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು.

ಜನವರಿ 13

ಅಂಗಡಿಯಲ್ಲಿ ನನ್ನನ್ನು ಕಲಾವಿದ ಅಂತ ಕರೆಯುತ್ತಾರೆ. ಕಲೆ ತೆಗೆಯುವವನು, ಅದಕ್ಕೆ. ಇಸ್ತ್ರಿ ಹೊಡೆಯುವವನ ಹೆಸರು ಮಡಿಕೆ. ನಾಲ್ಕು ಮಕ್ಕಳ ತಂದೆ. "ನಮ್ಮನೇಲಿ ಪ್ಯಾಂಟು ತಗಲಿಹಾಕಿದ್ರೆ ಸಾಕು ಮಗು ಆಗುತ್ತೆ," ಅಂತ ಅವನ ಹಳೇ ಜೋಕು. ಇವತ್ತೂ ಹೇಳಿದ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ನಮ್ಮ ಅಂಗಡಿಯ ಚೀಟಿಯಲ್ಲಿ ಮೂರು ಪ್ರಶ್ನೆ ಅಚ್ಚಾಗಿದೆ. ಕಲೆ ಯಾವುದರದ್ದು? ಯಾವಾಗಿನದು? ಮೊದಲು ಏನು ಹಚ್ಚಿದ್ದೀರಿ? ಮೂರನೆಯದನ್ನು ಸೇರಿಸಿ ಅಂತ ಯಜಮಾನರಿಗೆ ಹೇಳಿದವನು ನಾನೇ. ಕಲೆಗಿಂತ ಮನೆಮದ್ದೇ ಬಟ್ಟೆಯನ್ನು ಹೆಚ್ಚು ಹಾಳು ಮಾಡುತ್ತದೆ. ನಿಂಬೆಹುಳಿ, ಸೋಡಾ, ಬ್ಲೀಚು, ಕೈಗೆ ಸಿಕ್ಕಿದ್ದನ್ನೆಲ್ಲ ತಿಕ್ಕಿರುತ್ತಾರೆ. ಅದು ತಿಳಿಯದೆ ನಾನು ಹಬೆ ಕೊಟ್ಟರೆ ಕಲೆ ಅಲ್ಲೇ ಬೇರು ಬಿಡುತ್ತದೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಏನೂ ಹಚ್ಚಿಲ್ಲಪ್ಪ." ಹದಿಮೂರು ವರ್ಷದಲ್ಲಿ ಆ ಸಾಲಿನಲ್ಲಿ ನಿಜ ಬರೆದವರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು.

ಮೇಜನ್ನು ಬಾಯ್ಲರಿನಿಂದ ದೂರ ಹಾಕಿಸಿಕೊಡಿ ಅಂತ ಯಜಮಾನರನ್ನು ಕೇಳಬೇಕು. ಯಾಕೆ ಅಂತ ಕೇಳಿದರೆ? ಮಡಿಕೆಗೆ ಗೊತ್ತಾದರೆ? ಬೇಡ. ಸಿಗರೇಟು ಮಾತ್ರ ಬಿಟ್ಟಿದ್ದೇನೆ.

ಜನವರಿ 18

ಅಮ್ಮನ ಫೋನು. ಅಮ್ಮ ಇರುವುದು ಅಣ್ಣನ ಮನೆಯಲ್ಲಾದರೂ ಕಣ್ಣು ನಮ್ಮ ಮನೆಯ ಮೇಲೇ. "ನಿನ್ನದೆಲ್ಲ ಸರಿ ಇದೆ ಅಂತ ಅವಳೇ ಹೇಳಿದ್ಲು. ಹಾಗಾದ್ರೆ ಇನ್ನೇನಿದೆ? ಬಂಜೇನ ಕಟ್ಟಿಕೊಂಡು ಎಷ್ಟು ದಿನ ಅಂತ ಇರ್ತೀಯೋ?"

ನಾನು ಉಸಿರೆತ್ತಲಿಲ್ಲ. ಫೋನು ಇಟ್ಟ ಮೇಲೆ ಆ ಪದವೇ ಕಿವಿಯಲ್ಲಿ ಕೂತಿತ್ತು. ಗಂಡಸಿಗೆ ಅಂಥ ಪದ ಯಾವುದು ಅಂತ ಯೋಚಿಸಿದೆ. ಸಿಗಲಿಲ್ಲ. ಬೈಗುಳಗಳಿವೆ, ಅವು ಹಾಸಿಗೆಗೆ ಸಂಬಂಧಪಟ್ಟವು. ನನ್ನದು ಆ ಸಮಸ್ಯೆ ಅಲ್ಲ. ಎಣಿಕೆ ಕಡಿಮೆ ಇರುವ ಗಂಡಸಿಗೆ ನಮ್ಮ ಭಾಷೆಯಲ್ಲಿ ಹೆಸರೇ ಇಲ್ಲ. ಇಲ್ಲದಿದ್ದರೆ ಒಳ್ಳೆಯದೇ ಆಯಿತು ಅಂದುಕೊಂಡೆ. ಅಮ್ಮನ ದನಿ ಫೋನಿನಲ್ಲೂ ಜೋರು, ಆದರೆ ಅವಳು ಪಕ್ಕದ ಕೋಣೆಯಲ್ಲಿ ಇದ್ದಳು. ಕೇಳಿಸಿರಲಾರದು.

ಜನವರಿ 22

ನಮ್ಮ ಗಿರಾಕಿಗಳಲ್ಲಿ ಒಬ್ಬ ಪೈಲ್ವಾನ ಇದ್ದಾನೆ. ಕುಸ್ತಿಯವನಲ್ಲ, ಜಿಮ್ಮಿನಲ್ಲಿ ಕಲಿಸುವವನು. ತೋಳು ನೋಡಿ ನಾವು ಇಟ್ಟ ಹೆಸರು. ಹಿಂದಿನ ಬಾಗಿಲ ಹತ್ತಿರ ನಾನೊಬ್ಬನೇ ಇದ್ದಾಗ, ನನ್ನ ಸ್ನೇಹಿತನ ಕಥೆ ಅಂತ ಹೇಳಿ ವಿಷಯ ಎತ್ತಿದೆ. ಅವನೇನು ದಡ್ಡನಾ?

"ನಿಮ್ಮ ಸ್ನೇಹಿತರಿಗೆ ಹೇಳಿ ಕಲಾವಿದರೇ, ಗಂಡಸಿನ ಹಾರ್ಮೋನ್ ಕಡಿಮೆ ಇದ್ರೆ ಎಲ್ಲಾ ಕಡಿಮೆ. ವಾರಕ್ಕೊಂದು ಇಂಜೆಕ್ಷನ್. ಮೂರು ತಿಂಗಳಲ್ಲಿ ಗೂಳಿ ಆಗ್ತಾರೆ."

ತರ್ಕ ಸರಿಯಾಗಿದೆ. ಗಂಡಸುತನಕ್ಕೆ ಗಂಡಸಿನ ಹಾರ್ಮೋನ್. ಕೇಳದೆ ಏನೂ ತಗೋಬೇಡಿ ಅಂತ ಡಾಕ್ಟರು ಹೇಳಿದ್ದು ಔಷಧಿಗೆ. ಇದು ಔಷಧಿಯಲ್ಲ, ಶಕ್ತಿ. ಸಂಜೆ ಜಿಮ್ಮಿನ ಹಿಂದಿನ ಕೋಣೆಯಲ್ಲಿ ಮೊದಲನೆಯದು ಆಯಿತು. ಸೊಂಟ ಸ್ವಲ್ಪ ನೋಯುತ್ತಿದೆ. ಏಪ್ರಿಲ್‌ನಲ್ಲಿ ಅಂಕಿ ಮೇಲೆ ಬಂದರೆ ನಾನು ಹೇಳಿದ್ದು ಸುಳ್ಳೇ ಅಲ್ಲ. ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ, ಅಷ್ಟೇ.

ಫೆಬ್ರವರಿ 2

ಬೆಳಿಗ್ಗೆ ಅವಳು ರಿಪೋರ್ಟು ಕೇಳಿದಳು. ಹೆಂಗಸರ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಬೇಕಂತೆ. ಅಂಗಡಿಯಲ್ಲಿ ಮರೆತು ಬಂದಿದ್ದೇನೆ, ಹುಡುಕಿ ತರುತ್ತೇನೆ ಅಂದೆ.

ಅದು ಇದ್ದದ್ದು ನನ್ನ ಕೋಟಿನ ಒಳಜೇಬಿನಲ್ಲೇ. ಲ್ಯಾಬಿನವರು ಅಂಕಿಯನ್ನು ಕೈಯಲ್ಲೇ ಬರೆಯುತ್ತಾರೆ, ನೀಲಿ ಶಾಯಿ. ಶಾಯಿಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಂಗಡಿಯ ಐದು ಪೆನ್ನು ತೆಗೆದು, ಒಂದೊಂದರಲ್ಲೂ ಗೀರಿ, ಹಬೆ ಕೊಟ್ಟು, ಒಣಗಿಸಿ ಬಣ್ಣ ಹೋಲಿಸಿದೆ. ಮೂರನೆಯದು ಹೊಂದಿತು. ಆರರ ಪಕ್ಕದಲ್ಲಿ ಒಂದು ಸೊನ್ನೆ ಸೇರಿಸಿದೆ. ಅಳಿಸಲಿಲ್ಲ, ತಿದ್ದಲಿಲ್ಲ, ಇದ್ದದ್ದನ್ನು ಮುಟ್ಟಲೂ ಇಲ್ಲ. ಬರೀ ಒಂದು ಸೊನ್ನೆ. ಸೊನ್ನೆಗೆ ಬೆಲೆಯೇ ಇಲ್ಲ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

ಫೆಬ್ರವರಿ 3

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಹೊತ್ತು ಮೂಡಿದರೆ ಮುಳುಗಿದರೆ ಜನರಿಗೆ ಚಿಕ್ಕ ಅಕ್ಷರ ಓದಿಸುವುದೇ ಕಸುಬು. ರಿಪೋರ್ಟನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಸೊನ್ನೆ ಸ್ವಲ್ಪ ದಪ್ಪ ಇದೆ ಅಲ್ವಾ?"

"ಲ್ಯಾಬಿನವರ ಕೈಬರಹ, ಕೋಳಿ ಕೆದಕಿದ ಹಾಗೆ," ಅಂದೆ.

"ಅರವತ್ತು," ಅಂದಳು. ಮಡಿಚಿ ಪರ್ಸಿನೊಳಗೆ ಇಟ್ಟುಕೊಂಡಳು. "ಒಳ್ಳೇದಾಯ್ತು ಬಿಡಿ, ನಿಮ್ಮದಾದ್ರೂ ಚೆನ್ನಾಗಿದೆ." ಆ 'ನಿಮ್ಮದಾದ್ರೂ' ಅನ್ನುವಾಗ ಅವಳ ದನಿ ಸಣ್ಣಗಾಯಿತು.

ಫೆಬ್ರವರಿ 19

ಐದನೇ ಇಂಜೆಕ್ಷನ್ ಆಯಿತು. ಪೈಲ್ವಾನ ಹೇಳಿದ್ದು ಸುಳ್ಳಲ್ಲ. ಒದ್ದೆ ಕಂಬಳಿಯ ಗಂಟನ್ನು ಒಂದೇ ಕೈಯಲ್ಲಿ ಎತ್ತಿದೆ. ಶರ್ಟಿನ ತೋಳು ಬಿಗಿಯಾಗಿದೆ. ಬೆಳಿಗ್ಗೆ ಎದ್ದರೆ ಮೈಯಲ್ಲಿ ಬಿಸಿ ರಕ್ತ ಓಡಾಡುವುದು ಗೊತ್ತಾಗುತ್ತದೆ. ಇನ್ನು ಒಳಗಿನ ಲೆಕ್ಕ ಏರದೆ ಎಲ್ಲಿಗೆ ಹೋಗುತ್ತದೆ?

ಮಡಿಕೆ ಇವತ್ತು ಮತ್ತೆ ಅದೇ ಪ್ಯಾಂಟಿನ ಜೋಕು ಹೇಳಿದ. ಹ್ಯಾಂಗರನ್ನು ಅವನ ಮೇಜಿನ ಮೇಲೆ ಕುಕ್ಕಿದೆ, ಎರಡು ತುಂಡಾಯಿತು. "ಯಾಕೋ ಕಲಾವಿದ?" ಅಂದ. ಯಾಕೂ ಇಲ್ಲ. ಹಳಸಲು ಜೋಕು ಎಷ್ಟು ಸಲ ಅಂತ ಕೇಳುವುದು?

ಫೆಬ್ರವರಿ 26

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಡಾಕ್ಟರಮ್ಮ ಅರವತ್ತನ್ನು ನೋಡಿ, "ನಿಮ್ಮ ಯಜಮಾನ್ರದ್ದು ಇಷ್ಟು ಚೆನ್ನಾಗಿದೆ, ಹಾಗಾದ್ರೆ ನಿಮ್ಮ ಒಳಗೇ ನೋಡಬೇಕು," ಅಂದರಂತೆ. ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಮೂರು ಕಡೆ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡುತ್ತಾರಂತೆ. ಏಪ್ರಿಲ್ 16.

"ನೋವಾಗುತ್ತಾ?" ಅಂತ ಕೇಳಿದೆ.

"ಮತ್ತು ಬರಿಸ್ತಾರಲ್ಲ. ಗೊತ್ತಾಗಲ್ಲ," ಅಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. "ಬೇಡ ಅಂತೀರಾ?"

ಬೇಡ ಅನ್ನಬೇಕಿತ್ತು. ಯಾಕೆ ಬೇಡ ಅಂದರೆ ಏನು ಹೇಳುವುದು? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಡಾಕ್ಟರಮ್ಮ ಹೇಳಿದ ಮೇಲೆ..." ಅಂದೆ.

ಲೆಕ್ಕ ಹಾಕಿದ್ದೇನೆ. ನನ್ನ ಎರಡನೇ ರಿಪೋರ್ಟು ಏಪ್ರಿಲ್ 10ಕ್ಕೆ. ಅದು ಚೆನ್ನಾಗಿ ಬಂದರೆ ಆರು ದಿನ ಇರುತ್ತದೆ. "ಇನ್ನು ಸ್ವಲ್ಪ ಕಾಯೋಣ, ಕೊಯ್ಯಿಸಿಕೊಳ್ಳೋದು ಬೇಡ," ಅಂತ ಧೈರ್ಯವಾಗಿ ಹೇಳಬಹುದು.

ಮಾರ್ಚ್ 8

ತಲೆನೋವು. ಅವಳ ಜೊತೆ ಜಗಳ, ಒಗ್ಗರಣೆ ಸೀದದ್ದಕ್ಕೆ.

ಮಾರ್ಚ್ 15

ಸ್ನಾನ ಮಾಡುವಾಗ ಕೆಳಗೆ ಏನೋ ಕುಗ್ಗಿದ ಹಾಗೆ, ಮೊದಲಿನ ಗಾತ್ರ ಇಲ್ಲ ಅನ್ನಿಸಿತು. ತಣ್ಣೀರಿಗೆ ಇರಬೇಕು. ಡಾಕ್ಟರು ಬಿಸಿನೀರು ಬೇಡ ಅಂದಿದ್ದಾರಲ್ಲ.

ಮಾರ್ಚ್ 21

ರಿಪೋರ್ಟಿನ ಪ್ರತಿ ಮಾಡಿಸಬೇಕು, ಆಸ್ಪತ್ರೆಯವರಿಂದ ವಾಪಸ್ ತಂದಿದ್ದೇನೆ, ನಮ್ಮ ಕನ್ನಡಕದ ಅಂಗಡಿಗೆ ತಗೊಂಡು ಹೋಗ್ತೀನಿ ಅಂದಳು. "ಎಷ್ಟು ಸಲ ಅದೇ ಕಾಗದ ಹಿಡ್ಕೊಂಡು ಓಡಾಡ್ತೀಯ?" ಅಂತ ಕೂಗಿದೆ. ಆಚೆ ಮನೆಯವರು ಕಿಟಕಿ ಮುಚ್ಚಿದರು. ಅವಳು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು.

ನಾನು ಹೀಗೆ ಕೂಗುವವನಲ್ಲ. ನಿದ್ದೆ ಸಾಲುತ್ತಿಲ್ಲ ಅಂತ ಕಾಣುತ್ತದೆ. ಸಂಜೆ ಕ್ಷಮೆ ಕೇಳೋಣ ಅಂದುಕೊಂಡಿದ್ದೆ. ಬರುವಾಗಲೇ ಅವಳ ಮುಖ ಬಿಳಿಚಿಕೊಂಡಿತ್ತು, ತಲೆಸುತ್ತು ಅಂದಳು, ಮಲಗಿಬಿಟ್ಟಳು. ಕೇಳಲಾಗಲಿಲ್ಲ.

ಏಪ್ರಿಲ್ 2

ಬನಿಯನ್ ಬದಲಿಸುವಾಗ ಅವಳು ಹಿಂದೆ ನಿಂತಿದ್ದಳು. "ಬೆನ್ನ ತುಂಬ ಮೊಡವೆ ಎದ್ದಿದೆಯಲ್ರೀ. ಮೂವತ್ತೇಳನೇ ವಯಸ್ಸಲ್ಲಿ ಹದಿನೇಳರ ಮೊಡವೆ?" ಅಂದಳು. ಹೊಸ ಸೋಪು ಒಗ್ಗಲಿಲ್ಲ ಅಂದೆ.

"ವಾರವಾರ ಎಲ್ಲಿಗೆ ಹೋಗ್ತೀರಿ ಸಂಜೆ?"

"ಹೆಚ್ಚಿನ ಕೆಲಸ."

"ಮಡಿಕೆಯಣ್ಣ ಸಿಕ್ಕಿದ್ರು. ಬೇಗನೇ ಹೊರಡ್ತಾರೆ ಅಂದ್ರು."

ಮಡಿಕೆಗೆ ಬೇರೆ ಕಸುಬಿಲ್ಲ. ನಾನು ಬಾಗಿಲನ್ನು ಎಳೆದ ರಭಸಕ್ಕೆ ಚಿಲಕವೇ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೊರಟಿದ್ದೆ, ದಾರಿಯಲ್ಲಿ ನೋಡಿಕೊಂಡೆ.

ಏಪ್ರಿಲ್ 10

0.

ಮೊದಲು ಅರ್ಥವಾಗಲಿಲ್ಲ. ಅಂಕಿ ಬರೆಯುವುದು ಮರೆತಿದ್ದಾರೆ, ಹತ್ತೋ ಇಪ್ಪತ್ತೋ ಇದ್ದದ್ದರಲ್ಲಿ ಮೊದಲ ಅಂಕಿ ಬಿಟ್ಟುಹೋಗಿದೆ ಅಂದುಕೊಂಡೆ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿಸಿದ್ದಾರಂತೆ. ಒಂದೂ ಇಲ್ಲ. ನಾನು ಕಳ್ಳತನದಿಂದ ಬರೆದ ಸೊನ್ನೆ ಉಳಿದು, ನನ್ನದೇ ಆಗಿದ್ದ ಆರು ಹೋಗಿದೆ.

"ಆರರಿಂದ ಸೊನ್ನೆಗೆ ಸುಮ್ಮನೆ ಇಳಿಯಲ್ಲ," ಅಂದರು ಡಾಕ್ಟರು. "ಈ ಮೂರು ತಿಂಗಳಲ್ಲಿ ಏನಾದ್ರೂ ತಗೊಂಡ್ರಾ? ಮಾತ್ರೆ, ಪುಡಿ, ಇಂಜೆಕ್ಷನ್?"

"ಏನೂ ಇಲ್ಲ."

"ಯೋಚನೆ ಮಾಡಿ ಹೇಳಿ."

"ಏನೂ ತಗೊಂಡಿಲ್ಲ ಡಾಕ್ಟ್ರೇ."

ನನ್ನ ಚಿಕ್ಕ ಪುಸ್ತಕ ತಿರುವಿಹಾಕಿದರು. ಊಟ, ನಿದ್ದೆ, ಎಲ್ಲ ಅಚ್ಚುಕಟ್ಟು. ಹಾಗಾದರೆ ನಾಳ ಕಟ್ಟಿಕೊಂಡಿರಬಹುದು, ಹುಟ್ಟಿನಿಂದಲೇ ಬಂದ ದೋಷ ಇರಬಹುದು, ರಕ್ತ ಪರೀಕ್ಷೆ ಆಗಬೇಕು, ಬೇಕಾದರೆ ಸೂಜಿ ಹಾಕಿ ಒಳಗಿನ ಚೂರು ತೆಗೆದು ನೋಡಬೇಕು ಅಂದರು. ನನ್ನ ಕಿವಿಯಲ್ಲಿ ಬಾಯ್ಲರು ಕೂಗುತ್ತಿತ್ತು. ರಕ್ತ ಕೊಡಲು ನಾಳೆ ಬರುತ್ತೇನೆ ಅಂತ ಹೇಳಿ ಎದ್ದು ಬಂದೆ.

ಅವಳ ಆಪರೇಷನ್ನಿಗೆ ಆರು ದಿನ.

ಏಪ್ರಿಲ್ 12

ರಕ್ತ ಕೊಡಲು ಹೋಗಲಿಲ್ಲ.

ಇವತ್ತು ಒಬ್ಬ ಹೆಂಗಸು ಕ್ರೀಮ್ ಬಣ್ಣದ ಉಣ್ಣೆಯ ಕೋಟು ತಂದಳು. ಎದೆಯ ಮೇಲೆ ಅಂಗೈಯಗಲ ಕಾಫಿ ಕಲೆ. ತೀರಿಹೋದ ಗಂಡನದಂತೆ, ಅವಳ ತಮ್ಮ ಹಾಕಿಕೊಂಡು ಕಲೆ ಮಾಡಿದನಂತೆ. "ಮೊದಲು ಏನು ಹಚ್ಚಿದ್ದೀರಿ?" ಕೇಳಿದೆ. "ಏನೂ ಇಲ್ಲಪ್ಪ." ನಾನು ಹಬೆ ಕೊಟ್ಟೆ. ಕಣ್ಣೆದುರಿಗೇ ಕಲೆಯ ಸುತ್ತ ಹಳದಿ ಉಂಗುರ ಎದ್ದಿತು, ಉಣ್ಣೆ ಕರಗಿದ ಹಾಗಾಗಿ ಬೆರಳು ತಾಗಿದ ಕಡೆ ತೂತಾಯಿತು. ಬ್ಲೀಚು. ಮೂಗಿಗೆ ಹೊಡೆಯಿತು. ಮೊದಲೇ ಮೂಸಿ ನೋಡಬೇಕಿತ್ತು, ತಲೆ ಎಲ್ಲಿತ್ತೋ.

ಕೋಟು ಹಿಡಿದು ಕೌಂಟರಿಗೆ ಹೋಗಿ, ಅಲ್ಲೇ ಕಾಯುತ್ತಿದ್ದ ಆ ಹೆಂಗಸಿಗೆ ಬಾಯಿಗೆ ಬಂದ ಹಾಗೆ ಬೈದೆ. "ಹೇಳೋಕೆ ಏನಾಗಿತ್ತು ನಿಮಗೆ? ನಾಲಿಗೆ ಬಿದ್ದುಹೋಗಿತ್ತಾ? ಹೇಳಿದ್ರೆ ಉಳಿಸ್ತಿದ್ದೆನಲ್ಲ!" ಯಜಮಾನರು ಓಡಿಬಂದರು. ಮಡಿಕೆ ನನ್ನ ಭುಜ ಹಿಡಿದ. ಆ ಹೆಂಗಸು ತೂತಾದ ಕೋಟನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ನಾಚಿಕೆ ಆಯ್ತಪ್ಪ," ಅಂದಳು. "ನಾನೇ ಕೈಯಾರೆ ಹಾಳು ಮಾಡಿದೆ ಅಂತ ಹೇಳೋಕೆ ನಾಚಿಕೆ ಆಯ್ತು. ನೀವು ಹೇಗೋ ಸರಿಮಾಡ್ತೀರಿ ಅಂದ್ಕೊಂಡೆ."

ನಾನು ಒಳಗೆ ಹೋಗಿ ಕಂಬಳಿ ಗಂಟಿನ ಮೇಲೆ ಕೂತೆ. ಮಡಿಕೆ ಒಂದು ಲೋಟ ನೀರು ತಂದಿಟ್ಟು, ಜೋಕು ಹೇಳದೆ ಹೋದ.

ಏಪ್ರಿಲ್ 13

ಪೈಲ್ವಾನನಿಗೆ ಇನ್ನು ಬರುವುದಿಲ್ಲ ಅಂದೆ. "ಈಗ ಬಿಟ್ರೆ ಎಲ್ಲಾ ಇಳಿದುಹೋಗುತ್ತೆ," ಅಂದ. ಇಳಿಯುವುದಕ್ಕೆ ಏನು ಉಳಿದಿದೆ?

ಏಪ್ರಿಲ್ 15

ಅವಳು ಚೀಲ ತುಂಬುತ್ತಿದ್ದಳು. ಬೆಳಿಗ್ಗೆ ಹೋಗಿ ಮರುದಿನ ಬರುವ ಆಸ್ಪತ್ರೆಗೆ ಏಳು ಜೊತೆ ಬಟ್ಟೆ! ಹೆಂಗಸರು ಮೂಲೆಯಂಗಡಿಗೆ ಹೋಗುವಾಗಲೂ ದಂಡಯಾತ್ರೆಗೆ ಹೊರಟವರ ಹಾಗೆ ಕಟ್ಟುತ್ತಾರೆ. ಕನ್ನಡಕದ ಎರಡು ಡಬ್ಬಿ, ಅವಳಮ್ಮನ ಫೋಟೊ ಕೂಡ ಒಳಗೆ ಹೋಯಿತು. ಮಡಿಸುವುದನ್ನು ನೋಡಿದೆ, ನಾನು ಕಲಿಸಿದ ಮಡಿಕೆ, ತೋಳು ಒಳಗೆ, ಕಾಲರ್ ಮೇಲೆ.

"ನಾಳೆ ಎಂಟೂವರೆಗೆ ಟ್ಯಾಕ್ಸಿ ಬರುತ್ತೆ," ಅಂದಳು. "ನೀವು ಬರಬೇಕಾಗಿಲ್ಲ. ಅಕ್ಕ ಇರ್ತಾಳೆ."

"ನಾನೂ ಬರ್ತೀನಿ."

"ಯಾಕೆ? ನಿಮ್ಮದು ಅರವತ್ತಿದೆಯಲ್ಲ," ಅಂದಳು.

ಅದರ ಅರ್ಥ ಏನು ಅಂತ ಈಗಲೂ ಯೋಚಿಸುತ್ತಿದ್ದೇನೆ. ಭಯಕ್ಕೆ ಏನೇನೋ ಮಾತಾಡುತ್ತಾಳೆ ಅಂತ ಕಾಣುತ್ತದೆ. ಅವಳ ಹೊಟ್ಟೆಯ ಮೇಲೆ ಮೂರು ತೂತು. ನನಗೆ ಕೋಟೇ ಕಣ್ಣಮುಂದೆ ಬರುತ್ತಿದೆ.

ಏಪ್ರಿಲ್ 16

ಬೆಳಿಗ್ಗೆ ಎಂಟು ಗಂಟೆ. ಚೀಲ ಬಾಗಿಲ ಹತ್ತಿರ ಇತ್ತು. ಅವಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ನಾನು ಮೂರು ಸಲ ಬಾಯಿ ತೆರೆದೆ. ಒಂದು ಸಲ "ನೀರು ಕುಡಿದ್ಯಾ" ಅಂದೆ. ಒಂದು ಸಲ "ಫ್ಯಾನ್ ಆಫ್ ಮಾಡು" ಅಂದೆ. ಮೂರನೆಯ ಸಲ ಏನೂ ಬರಲಿಲ್ಲ.

ಎಂಟು ಹತ್ತು. ಶರ್ಟಿನ ಜೇಬಿನಲ್ಲಿ ಅಂಗಡಿಯ ಚೀಟಿ ಇತ್ತು. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಅಂತ ಗೋಡೆಗೆ ಒತ್ತಿ ಬರೆದೆ.

ಕಲೆ ಯಾವುದರದ್ದು? ನನ್ನದು. ನಿನ್ನದಲ್ಲ.

ಯಾವಾಗಿನದು? ಜನವರಿ 9. ರಿಪೋರ್ಟಿನಲ್ಲಿ ಇದ್ದದ್ದು 6.

ಮೊದಲು ಏನು ಹಚ್ಚಿದ್ದೀರಿ? ಒಂದು ಸೊನ್ನೆ. ಹನ್ನೆರಡು ಇಂಜೆಕ್ಷನ್. ಈಗ 0.

ಕೊಟ್ಟೆ. ಅವಳು ಕನ್ನಡಿಗೆ ಬೆನ್ನು ತಿರುಗಿಸಿ ಓದಿದಳು. ಅರ್ಧ ಹಾಕಿದ ಜಡೆ ಕೈಯಿಂದ ಬಿಚ್ಚಿಕೊಂಡಿತು.

"ಹೋಗಬೇಡ," ಅಂದೆ. "ಅವರು ನಿನ್ನ ಹೊಟ್ಟೆ ಕೊಯ್ಯೋದು ಬೇಡ."

"ಯಾರೂ ಕೊಯ್ಯಲ್ಲ ರೀ. ಆಪರೇಷನ್ ಬೇಡ ಅಂತ ಹೋದ ತಿಂಗಳೇ ಫೋನ್ ಮಾಡಿ ಹೇಳಿದ್ದೀನಿ."

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ಮಂಚದ ಅಂಚಿನಲ್ಲಿ ಕೂತಳು.

"ಅವತ್ತು ಆ ಕಾಗದಕ್ಕೆ ಕೂಗಾಡಿದ್ರಲ್ಲ, ಅವತ್ತು ನಮ್ಮ ಅಂಗಡಿಯ ಲೆನ್ಸ್ ಕೆಳಗಿಟ್ಟು ನೋಡಿದೆ. ಆರು ಕಾಗದವನ್ನ ಒತ್ತಿದೆ, ಹಿಂದುಗಡೆ ಉಬ್ಬಿದೆ. ಸೊನ್ನೆ ಒತ್ತಿಲ್ಲ. ಬರೆದವರ ಕೈ ಹೆದರಿಕೊಂಡು ಬರೆದಿದೆ." ಅವಳ ದನಿ ನಡುಗಲಿಲ್ಲ, ಅದೇ ನನಗೆ ಹೆದರಿಕೆ. "ಆಮೇಲೆ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ. ಜನವರಿಯಲ್ಲಿ ನಿಮ್ಮಮ್ಮ ಫೋನಲ್ಲಿ ಏನಂದ್ರು ಅನ್ನೋದೂ ನನಗೆ ಕೇಳ್ಸಿತ್ತು. ನೀವು ಸುಮ್ಮನಿದ್ದದ್ದೂ ಕೇಳ್ಸಿತ್ತು."

"ಹಾಗಾದ್ರೆ ಈ ಚೀಲ?"

"ಅಕ್ಕನ ಮನೆಗೆ. ಟ್ಯಾಕ್ಸಿ ಬಂದು ಹಾರ್ನ್ ಹೊಡೆಯೋ ತನಕ ನೋಡೋಣ ಅಂತಿದ್ದೆ."

ಇಪ್ಪತ್ತು ನಿಮಿಷ. ಇನ್ನು ಇಪ್ಪತ್ತು ನಿಮಿಷ ನಾನು ಫ್ಯಾನು, ನೀರು ಅಂತ ಮಾತಾಡಿಕೊಂಡಿದ್ದಿದ್ದರೆ ಅವಳು ಹೋಗಿಬಿಡುತ್ತಿದ್ದಳು, ನಾನೇ ಆ ಏಳು ಜೊತೆಯನ್ನು ಟ್ಯಾಕ್ಸಿಗೆ ಹೊತ್ತು ಹಾಕಿರುತ್ತಿದ್ದೆ. ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇದನ್ನು ಬರೆಯಲು ನಾಚಿಕೆ ಇಲ್ಲ.

"ಆರಕ್ಕೆ ನನಗೆ ಬೇಜಾರಿಲ್ಲ ರೀ," ಅಂದಳು. "ಪಕ್ಕದಲ್ಲಿ ನೀವು ಬರೆದ ಸೊನ್ನೆಗೆ." ಆಮೇಲೆ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇಂಜೆಕ್ಷನ್ ಯಾವುದು? ಇದು ನನಗೆ ಗೊತ್ತಿರಲಿಲ್ಲ. ಮೈ ಬೆಳೆಸ್ತೀರಿ, ಸಿಡುಕ್ತೀರಿ, ವಾರವಾರ ಸಂಜೆ ಎಲ್ಲೋ ಹೋಗ್ತೀರಿ. ನಾನು ಏನಂತ ತಿಳ್ಕೊಂಡಿದ್ದೆ ಗೊತ್ತಾ?"

ಹಾರ್ನ್ ಹೊಡೆಯಿತು. ಅವಳೇ ಎದ್ದು ಹೋಗಿ ಟ್ಯಾಕ್ಸಿಯವನನ್ನು ವಾಪಸ್ ಕಳಿಸಿದಳು. ಚೀಲ ತೆರೆದು ನಾಲ್ಕು ಜೊತೆ ಬಟ್ಟೆ ತೆಗೆದು ಬೀರುವಿನಲ್ಲಿಟ್ಟಳು. ಮೂರು ಜೊತೆ ಚೀಲದಲ್ಲೇ ಬಿಟ್ಟು ಜಿಪ್ ಎಳೆದಳು.

ಏಪ್ರಿಲ್ 20

ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಕೂತ ಕೂಡಲೇ ನಾನೇ ಹೇಳಿದೆ, ಅವರು ಕೇಳುವ ಮೊದಲು. ಇಂಜೆಕ್ಷನ್ ತಗೊಂಡ ತಾರೀಕು ಬೇಕು ಅಂದರು. ನನಗೆ ನೆನಪಿರಲಿಲ್ಲ, ಈ ದೊಡ್ಡ ಪುಸ್ತಕವನ್ನೇ ತೆಗೆದು ಓದಿದೆ. ಅವಳು ಪಕ್ಕದಿಂದ ನೋಡುತ್ತಿದ್ದಳು. ಮುಚ್ಚಿಕೊಳ್ಳಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇದನ್ನ ಹತ್ತನೇ ತಾರೀಕೇ ಹೇಳಿದ್ರೆ ನಿಮಗೆ ಸೂಜಿ ಚುಚ್ಚೋ ಮಾತೇ ಎತ್ತುತ್ತಿರಲಿಲ್ಲ. ಗಂಡಸಿನ ಹಾರ್ಮೋನ್ ಹೊರಗಿಂದ ಬಂದ್ರೆ ಮೈ ಏನು ಮಾಡುತ್ತೆ ಗೊತ್ತಾ? ಬೇಕಾದಷ್ಟಿದೆ ಅಂದ್ಕೊಂಡು ಒಳಗಿನ ಕೆಲಸ ನಿಲ್ಲಿಸಿಬಿಡುತ್ತೆ. ತೋಳು ದಪ್ಪ ಆಗುತ್ತೆ, ವೀರ್ಯಾಣು ನಿಲ್ಲುತ್ತೆ. ವರ್ಷಕ್ಕೆ ಎಷ್ಟೋ ಜನ ಹೀಗೇ ಬರ್ತಾರೆ. ಎಲ್ಲರೂ ಮೊದಲು 'ಏನೂ ಇಲ್ಲ' ಅಂತಾರೆ."

"ಮತ್ತೆ ಶುರುವಾಗುತ್ತಾ?" ಕೇಳಿದವಳು ಅವಳು.

"ಹೆಚ್ಚಿನವರಿಗೆ ಆಗುತ್ತೆ. ಆರು ತಿಂಗಳು, ವರ್ಷ. ಖಂಡಿತ ಅಂತ ಮಾತ್ರ ಹೇಳಲಾರೆ."

ಹೊರಗೆ ಬಂದ ಮೇಲೆ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ರಸ್ತೆ ದಾಟುವಾಗ ನಿಂತು ಕಾದಳು.

ಏಪ್ರಿಲ್ 23

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, ಕಡಿಮೆ ಇರುವುದು ನನಗೆ ಅಂದೆ. "ಯಾರ ಹತ್ರಾನೂ ಹೇಳಬೇಡ," ಅಂದಳು ಅಮ್ಮ. ಬಂಜೆ ಅನ್ನುವ ಆ ಪದವನ್ನು ಇನ್ನು ನನ್ನ ಹೆಂಡತಿಗೆ ಅನ್ನಬೇಡ ಅಂದೆ.

ಅಂಗಡಿಯಲ್ಲಿ ಯಜಮಾನರಿಗೆ, ಬಿಸಿ ನನಗೆ ಆಗುವುದಿಲ್ಲ, ಮಕ್ಕಳಾಗಬೇಕು, ಮೇಜು ಬೇರೆ ಕಡೆ ಹಾಕಿಸಿ ಅಂದೆ. ಅವರು ಕಣ್ಣು ಮಿಟುಕಿಸಿ, "ಹದಿಮೂರು ವರ್ಷ ಬೇಕಾಯ್ತೇನಯ್ಯ ಇದನ್ನ ಹೇಳೋಕೆ?" ಅಂದರು. ಮೇಜು ಈಗ ಕಿಟಕಿಯ ಹತ್ತಿರ ಇದೆ. ಎತ್ತಿ ಇಡಿಸಿದವನು ಮಡಿಕೆ. ಎತ್ತುತ್ತಾ, ಅವನ ಮೊದಲನೆಯ ಮಗುವಿಗೆ ಏಳು ವರ್ಷ ಕಾದಿದ್ದರು ಅಂತ ಹೇಳಿದ. ಇಷ್ಟು ವರ್ಷ ಅದೇ ಜೋಕು ಯಾಕೆ ಹೇಳುತ್ತಿದ್ದ ಅಂತ ಈಗ ತಿಳಿಯಿತು.

ಮೇ 30

ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮೈ ಹಿಂಡಿದ ಬಟ್ಟೆಯ ಹಾಗೆ. ಕಂಬಳಿ ಗಂಟಿಗೆ ಎರಡೂ ಕೈ ಬೇಕು. ಚೀಲ ಮಂಚದ ಕೆಳಗೆ ಹೋಗಿದೆ. ಗುಡಿಸುವಾಗ ಅದನ್ನು ಸರಿಸಿ ಗುಡಿಸುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ.

ಜುಲೈ 24

ರಿಪೋರ್ಟನ್ನು ತೆರೆಯದೆ ಹಾಗೇ ಅವಳ ಕೈಗೆ ಕೊಟ್ಟೆ. ಚಿಕ್ಕ ಅಕ್ಷರ ಅವಳ ಕಸುಬು. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಹಿಂದೆ ತಿರುಗಿಸಿ ಕಾಗದದ ಬೆನ್ನನ್ನು ಬೆರಳಲ್ಲಿ ಸವರಿದಳು.

"ಎರಡು," ಅಂದಳು.

ಹದಿನೈದಕ್ಕೆ ಇನ್ನೂ ಬಹಳ ದೂರ. ಮೊದಲಿನ ಆರಕ್ಕೂ ದೂರ. ಫೋನ್ ಮಾಡಿ ಕೇಳಿದ್ದಕ್ಕೆ ಡಾಕ್ಟರು, ಶುರುವಾಗಿದೆ ಅಷ್ಟೇ, ಕಾಯಿರಿ ಅಂದರು. ನಾವಿಬ್ಬರೂ ಚಹಾ ಕುಡಿದೆವು. ನಾನು ಅಂಗಡಿಗೆ ಹೊರಟೆ.

ಬಾಗಿಲ ಹತ್ತಿರ ಬಂದು ಅವಳು ಒಂದು ಗಂಟು ಕೊಟ್ಟಳು. ಮೂರು ಜೊತೆ ಬಟ್ಟೆ.

"ಚೀಲದಲ್ಲಿ ಇಟ್ಟೂ ಇಟ್ಟೂ ಮುದುರಿಹೋಗಿದೆ. ಇಸ್ತ್ರಿ ಮಾಡಿಸ್ಕೊಂಡು ಬನ್ನಿ. ನಾಳೆ ಹಾಕ್ಕೊಳ್ಳೋಕೆ ಬೇಕು."

ಅಂಗಡಿಯಲ್ಲಿ ಮಡಿಕೆ ಕೈ ಚಾಚಿದ, ನಾನು ಕೊಡಲಿಲ್ಲ. ಡಾಕ್ಟರು ಬಿಸಿಯಿಂದ ದೂರ ಇರಿ ಅಂದಿದ್ದಾರೆ, ನಿಜ. ಆದರೂ ಇವತ್ತೊಂದು ದಿನ, ಹತ್ತು ನಿಮಿಷ, ಕಿಟಕಿಯ ಹತ್ತಿರ ನಿಂತು ಮೂರನ್ನೂ ನಾನೇ ಇಸ್ತ್ರಿ ಮಾಡಿದೆ.